ಕೊಟ್ಟಿಗೆ ಮೇಲಿನ ನೇಮಕಾತಿ ಆದೇಶ

ನಮ್ಮ ಚಿಕ್ಕಪ್ಪ ಪುಟ್ಟರಾಜು ಕಟ್ಟಿಕೊಂಡ ಹೆಂಡತಿಗೂ ಚೀಟಿ ಇಲ್ಲದೆ ಬೆಂಕಿಪೊಟ್ಟಣ ಕೊಡುವವರಲ್ಲ. ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನನಗೆ ಬಾಯಿ ಕಡಿಮೆ, ಕಿವಿ ಚುರುಕು. ಆದ್ದರಿಂದ ಗೋಡೆಯಾಚೆಯ ಮಾತೆಲ್ಲ ನನ್ನ ಡೈರಿಯಲ್ಲಿ ತಾರೀಖಿನ ಸಮೇತ ಇದೆ.

"ಮಲ್ಲಿಗೀ, ಡಬ್ಬದಲ್ಲಿ ಎಣ್ಣೆ ಕಮ್ಮಿ ಆಗದೆ. ಚೀಟಿ ಎಲ್ಲಿ?"

"ಬೋಂಡ ಬೇಕು ಅಂದೋರು ನೀವೇ ಅಲ್ವಾ? ಬೋಂಡ ಅಗೀತಾ ಅಗೀತಾ ಚೀಟಿ ಕೇಳ್ತೀರಲ್ಲ!"

"ಬೋಂಡ ಬೇರೆ, ಲೆಕ್ಕ ಬೇರೆ ಕಣಮ್ಮ. ತಕ್ಕೊಂಡೋರು ಯಾರು, ಯಾತಕ್ಕೆ, ಯಾವತ್ತು. ಮೂರೂ ಬರ್ದು ಕೆಳಗೆ ಸೈನ್ ಆಕು."

ಮಲ್ಲಿಗಮ್ಮ ಚಿಕ್ಕಮ್ಮ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, 'ತಕ್ಕೊಂಡೋರು: ಮಲ್ಲಿಗಮ್ಮ. ಯಾತಕ್ಕೆ: ನಿಮ್ಮ ಹೊಟ್ಟೆಗೆ' ಎಂದು ಬರೆದು ಸೈನ್ ಹಾಕುತ್ತಿದ್ದರು. ಚಿಕ್ಕಪ್ಪ ಅದನ್ನು ಗೋಡೆಯ ಮೊಳೆಗೆ ಚುಚ್ಚಿ, ಕರ್ತವ್ಯ ಮುಗಿಸಿದವರ ಗಾಂಭೀರ್ಯದಿಂದ ಕೈ ತೊಳೆಯುತ್ತಿದ್ದರು.

ಚಿಕ್ಕಪ್ಪ ಹುಟ್ಟುತ್ತಲೇ ಹೀಗಿರಲಿಲ್ಲ. ಸೋಮನಹಳ್ಳಿಯ ಒಂದು ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಮೆಷಿನ್ ಮುಂದೆ ನಿಂತ ಆಪರೇಟರ್ ಅವರು. ಹೋದ ನವೆಂಬರಿನ ಒಂದು ಬೆಳಿಗ್ಗೆ ಮ್ಯಾನೇಜರ್ ಪ್ರಸನ್ನ ಅವರು ಮೆಷಿನ್ ಬಳಿಗೇ ನಡೆದು ಬಂದು ಬೆನ್ನು ತಟ್ಟಿದರು.

"ಪುಟ್ಟರಾಜು, ನಾಳೆಯಿಂದ ಸ್ಟೋರ್ ಇನ್‌ಚಾರ್ಜ್ ನೀವೇ. ಸಂಬಳ ಜಾಸ್ತಿ ಆಗುತ್ತೆ. ಆರ್ಡರ್ ಆಮೇಲೆ ಬರುತ್ತೆ."

ಹೀಗೆಂದು ಇಪ್ಪತ್ತಮೂರು ಬೀಗದ ಕೈಗಳ ಒಂದು ಗೊಂಚಲನ್ನು ಕೈಗಿಟ್ಟರು. ಅದರಲ್ಲಿ ಆರು ಕೈಗಳಿಗೆ ಬೀಗವೇ ಇರಲಿಲ್ಲ. ಚಿಕ್ಕಪ್ಪ ಅವನ್ನೂ ಬಿಡದೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮರುದಿನದಿಂದ ಅವರ ಸ್ಟೋರಿನಿಂದ ಒಂದು ಸುರುಳಿ ಗಮ್‌ಟೇಪ್ ಹೊರಗೆ ಹೋಗಬೇಕಾದರೂ ಚೀಟಿ, ಸೈನು, ತಾರೀಖು ಬೇಕಾಯಿತು. ಇಷ್ಟು ಕಟ್ಟುನಿಟ್ಟಿನ ಮನುಷ್ಯ ತಮ್ಮ ಸ್ವಂತ ಬಡ್ತಿಯನ್ನು ಮಾತ್ರ ಚೀಟಿಯಿಲ್ಲದೆ ತೆಗೆದುಕೊಂಡಿದ್ದಾರೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಅವರಿಗಂತೂ ಹೊಳೆಯಲೇ ಇಲ್ಲ.

ಹೊಳೆಯುವಷ್ಟು ಪುರುಸೊತ್ತನ್ನು ಚಿಕ್ಕಮ್ಮನ ತಮ್ಮ ಸಂತೋಷ್ ಕೊಡಲೂ ಇಲ್ಲ. ಮಳವಳ್ಳಿಯಲ್ಲಿ ಅವನದು ಫ್ಲೆಕ್ಸ್ ಅಂಗಡಿ. ಮಗುವಿನ ಹೆಸರಿಡುವುದರಿಂದ ಹಿಡಿದು ಹಿರಿಯರ ಹನ್ನೊಂದನೇ ದಿನದವರೆಗೆ ಆ ತಾಲ್ಲೂಕಿನ ಬಾಳೆಲ್ಲ ಅವನ ಪ್ರಿಂಟರಿನಿಂದಲೇ ಸುರುಳಿಯಾಗಿ ಹೊರಬರುವುದು. ಭಾವನಿಗೆ ಬಡ್ತಿ ಎಂದು ಕೇಳಿದ್ದೇ ತಡ, ಬಸ್ಸು ಹತ್ತಿ ಬಂದ.

"ಬಾವ, ಹನ್ನೆರಡಡಿ ಅಗಲ, ಹತ್ತಡಿ ಎತ್ತರ. ಲೈಟ್ ಕಂಬದಿಂದ ಎದುರು ಮನೆ ಕಾಂಪೌಂಡ್‌ಗೆ ಕಟ್ಟಾಣ."

"ಅಷ್ಟು ದೊಡ್ಡದ್ಯಾಕ್ಲಾ? ನನ್ನ ಮನೆ ಬಾಗ್ಲೇ ಆರಡಿ ಇರೋದು."

"ನೀವು ಬಾಗ್ಲು ಅಲ್ಲ ಬಾವ, ಆಫೀಸರು! ಒಂದೇ ಕೊರತೆ. ದೊಡ್ಡೋರ ಫೋಟೋ ಬೇಕು. ದೊಡ್ಡೋರ ಫೋಟೋ ಇಲ್ದಿರೋ ಫ್ಲೆಕ್ಸು ಉಪ್ಪಿಲ್ದಿರೋ ಬೋಟಿ ಇದ್ದಂಗೆ. ನಿಮ್ಮ ಮ್ಯಾನೇಜರ್‌ದು ಕೇಳಿ."

ಚಿಕ್ಕಪ್ಪನದು ಬಟನ್ ಫೋನು. ಆದ್ದರಿಂದ ಪ್ರಸನ್ನ ಅವರು ಸಂತೋಷನ ವಾಟ್ಸಾಪಿಗೇ ತಮ್ಮ ಮೂರು ಫೋಟೋ ಕಳಿಸಿದರು. ಜೊತೆಗೆ ಬರವಣಿಗೆಯನ್ನೂ ತಾವೇ ತಿದ್ದಿ, ಕೊನೆಗೊಂದು ಸಾಲು ಸೇರಿಸಿ, 'ನನ್ನ ಹೆಸರು ಸ್ವಲ್ಪ ದಪ್ಪ ಅಕ್ಷರದಲ್ಲಿರಲಿ' ಎಂದೂ ಬರೆದರು. ಊಟಕ್ಕೆ ಮಾತ್ರ ಅವರು ಬರಲಿಲ್ಲ. ಫೋಟೋ ಬಂತು.

ಕಟ್ಟಿದ ಫ್ಲೆಕ್ಸು ಹೀಗಿತ್ತು. ಎಡಗಡೆ, ಕೋಟು ತೊಟ್ಟ ಯಾರದೋ ಮೈಯ ಮೇಲೆ ಚಿಕ್ಕಪ್ಪನ ತಲೆ. ಆ ಮೈ ಮಳವಳ್ಳಿಯ ಎಲ್ಲ ಅಭಿನಂದನೆಗಳಿಗೂ ಒದಗುವ ಸಾರ್ವಜನಿಕ ಮೈ. ಬಲಗಡೆ ಅದಕ್ಕಿಂತ ದೊಡ್ಡದಾಗಿ, ಕೈ ಎತ್ತಿ ಹರಸುತ್ತಿರುವ ಪ್ರಸನ್ನ ಅವರು. ನಡುವೆ: 'ನಮ್ಮ ಕಾರ್ಖಾನೆಯ ನೂತನ ಸ್ಟೋರ್ ಇನ್‌ಚಾರ್ಜ್ ಆಗಿ ನವೆಂಬರ್ ಹತ್ತರಂದು ಅಧಿಕಾರ ಸ್ವೀಕರಿಸಿದ ಶ್ರೀ ಪುಟ್ಟರಾಜು ಅವರಿಗೆ ಹಾರ್ದಿಕ ಅಭಿನಂದನೆಗಳು. ಇವರನ್ನು ಈ ಹುದ್ದೆಗೆ ನೇಮಿಸಿ ಆಶೀರ್ವದಿಸಿದ ಮ್ಯಾನೇಜರ್ ಶ್ರೀ ಪ್ರಸನ್ನ ಅವರಿಗೆ ಅನಂತ ಧನ್ಯವಾದಗಳು.' ಕೆಳಗೆ ಶುಭ ಕೋರುವವರ ಸಾಲಿನಲ್ಲಿ ಅಂಚೆಚೀಟಿಯಷ್ಟು ನಾನೂ ಇದ್ದೆ. ನನ್ನ ಕಣ್ಣು ಮುಚ್ಚಿತ್ತು.

ಭಾನುವಾರ ಬಾಡೂಟ. ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು. ಬಂದವರೆಲ್ಲ ಎಲೆಯ ಫೋಟೋ ತೆಗೆದುಕೊಂಡರೇ ಹೊರತು ಫ್ಲೆಕ್ಸಿನದನ್ನು ಒಬ್ಬರೂ ತೆಗೆಯಲಿಲ್ಲ. ಕೊತ್ತತ್ತಿಯಿಂದ ಬಂದಿದ್ದ ನಮ್ಮಜ್ಜಿ ಪಟ್ಟಲಮ್ಮ ಊಟಕ್ಕಿಂತ ಹೆಚ್ಚಾಗಿ ಫ್ಲೆಕ್ಸನ್ನೇ ಮುಟ್ಟಿ ಮುಟ್ಟಿ ನೋಡಿದರು. ಮಗನ ಮೇಲಿನ ಮಮತೆ ಎಂದು ನಾವು ಕಣ್ಣೊರೆಸಿಕೊಂಡೆವು. ನಾಲ್ಕನೇ ದಿನ ಅದನ್ನು ಬಿಚ್ಚಿಸಿ ಊರಿಗೆ ಒಯ್ದು ಎಮ್ಮೆ ಕೊಟ್ಟಿಗೆಗೆ ಹೊದಿಸಿದ ಮೇಲೆ ಮಮತೆಯ ಆಳ ತಿಳಿಯಿತು.

ತಿಂಗಳು ತುಂಬಿತು. ಸಂಬಳ ಬಂತು. ಮೊದಲಿಗಿಂತ ಕಡಿಮೆ ಇತ್ತು.

ಚಿಕ್ಕಪ್ಪ ಲೆಕ್ಕದ ಕೋಣೆಗೆ ಹೋಗಿ ಕೇಳಿದರು. ಅಲ್ಲಿಯವರು ಹೇಳಿದ್ದು ಇಷ್ಟೇ: "ಓವರ್‌ಟೈಮು, ರಾತ್ರಿ ಪಾಳಿ ಭತ್ಯೆ ಇವೆಲ್ಲ ಇನ್‌ಚಾರ್ಜ್‌ಗಳಿಗೆ ಇರಲ್ಲ ಪುಟ್ಟರಾಜು."

"ಅಂಗಾರೆ ಇನ್‌ಚಾರ್ಜ್ ಸಂಬಳ ಕೊಡಿ."

"ಅದು ಹೇಗೆ? ಕಾಗದದ ಮೇಲೆ ನೀವಿನ್ನೂ ಆಪರೇಟರ್."

ಅಂದು ಸಂಜೆ ಚಿಕ್ಕಪ್ಪ ನಮ್ಮ ಜಗಲಿಗೆ ಬಂದು ಕುಳಿತರು. ಮನೆಯಲ್ಲಿ ಪದವಿ ಓದಿದವಳು ನಾನೊಬ್ಬಳೇ ಆದ್ದರಿಂದ ಇಂಥ ಪ್ರಶ್ನೆಗಳು ನನ್ನ ಬಳಿಗೇ ಬರುತ್ತವೆ.

"ಪ್ರಿಯಾ, ಸಂಬಳ ಕೇಳುದ್ರೆ ಆಪರೇಟರ್ ಅಂತಾರೆ. ಓವರ್‌ಟೈಮ್ ಕೇಳುದ್ರೆ ಇನ್‌ಚಾರ್ಜ್ ಅಂತಾರೆ. ನಾನ್ಯಾವನು ಕಣವ್ವ?"

ನಾನು ಡೈರಿಯಲ್ಲಿ ಪ್ರಶ್ನೆಯನ್ನಷ್ಟೇ ಬರೆದುಕೊಂಡೆ.

ಮ್ಯಾನೇಜರನ್ನು ಕೇಳಿದರೆ ಪ್ರತಿ ಸಲವೂ ಒಂದೇ ಮಾತು: "ಆರ್ಡರ್ ಬರ್ಲಿ." ಅಲ್ಲಿಯವರೆಗೆ ಚೀಟಿಗಳ ಮೇಲೆ 'ಸ್ಟೋರ್ ಇನ್‌ಚಾರ್ಜ್ ಪರವಾಗಿ' ಎಂದು ಬರೆದು ಸೈನ್ ಹಾಕಬೇಕು ಎಂಬುದು ಅವರ ಅಪ್ಪಣೆ. ಚಿಕ್ಕಪ್ಪ ಅಕ್ಷರಶಃ ಪಾಲಿಸಿದರು. ತಮ್ಮ ಪರವಾಗಿ ತಾವೇ ಎಂಟು ತಿಂಗಳು ಸೈನ್ ಹಾಕಿದ ಮನುಷ್ಯ ಮಂಡ್ಯ ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು. ಕೈಗೆ ಅದೇ ಅಭ್ಯಾಸವಾಗಿ, ಮದ್ದೂರಿನ ಒಂದು ಮದುವೆಯ ಮುಯ್ಯಿ ಪುಸ್ತಕದಲ್ಲೂ 'ಪುಟ್ಟರಾಜು ಪರವಾಗಿ, ಪುಟ್ಟರಾಜು' ಎಂದು ಬರೆದು ಬಂದರು. ಹೆಣ್ಣಿನ ಕಡೆಯವರು ಇಬ್ಬರು ಬಂದಿದ್ದಾರೆಂದು ಎರಡು ತಾಂಬೂಲ ಕೊಟ್ಟು ಕಳಿಸಿದರು.

ಇತ್ತ ಲೋಕ ಚಿಕ್ಕಪ್ಪನ ಸಂಬಳವನ್ನು ತಾನೇ ಏರಿಸಿಬಿಟ್ಟಿತ್ತು. ಎದುರು ಮನೆಯ ಚಿಕ್ಕಬೋರಯ್ಯನವರು ತಾಲ್ಲೂಕು ಕಚೇರಿಯಲ್ಲಿ ಅಟೆಂಡರಾಗಿ ನಿವೃತ್ತರಾದವರು. ಸರ್ಕಾರದ ಗುಟ್ಟುಗಳೆಲ್ಲ ಅವರ ಕಾಂಪೌಂಡಿನೊಳಗೇ ಇವೆಯೆಂದು ನಮ್ಮ ಬೀದಿಯ ನಂಬಿಕೆ.

"ಡಬಲ್ ಆಗಿರ್ತದೆ ಕಣ್ರಪ್ಪ. ಬಾಯ್ಬುಟ್ಟು ಹೇಳಾಕಿಲ್ಲ, ದೃಷ್ಟಿ ಆಯ್ತದೆ ಅಂತ."

"ಇನ್ನೂ ಆರ್ಡರ್ ಬಂದಿಲ್ಲ ಬೋರಣ್ಣ," ಎಂದು ಚಿಕ್ಕಪ್ಪ ನಿಜ ನುಡಿದರು.

"ಆರ್ಡರ್ ಅನ್ನೋದು ನಿಧಾನಕ್ಕೇ ಬರೋದು ಪುಟ್ರಾಜು. ಬಿರ‍್ರನೆ ಬಂದ್ರೆ ಅದು ಆರ್ಡರಲ್ಲ, ಮೆಮೋ."

ಮಳವಳ್ಳಿಯ ಮಾವ ತಿಮ್ಮಯ್ಯ, ಅಂದರೆ ಚಿಕ್ಕಮ್ಮನ ಅಪ್ಪ, ಹದಿನಾಲ್ಕು ವರ್ಷ ಅಳಿಯನನ್ನು 'ಡಬ್ಬದ ಪುಟ್ಟ' ಎಂದೇ ಕರೆದವರು. ಈಗ ಒಂದು ಮೂಟೆ ರಾಗಿ, ಒಂದು ನಾಟಿ ಕೋಳಿ ತಂದು ಮುಂದಿಟ್ಟು, ಕುರ್ಚಿಯ ತುದಿಯಲ್ಲಿ ಕುಳಿತು, "ಅಳಿಯಂದ್ರು ಊಟ ಮಾಡುದ್ರಾ?" ಎಂದು ಬಹುವಚನದಲ್ಲಿ ವಿಚಾರಿಸಿದರು. ಆ ಬಹುವಚನ ಕೇಳಿದ ಮೇಲೆ ಚಿಕ್ಕಪ್ಪನಿಗೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು. ಕೋಳಿಯನ್ನು ಮಾತ್ರ ಚೀಟಿ ಬರೆದು ಸ್ವೀಕರಿಸಿದರು.

ಎಂಟನೇ ತಿಂಗಳು, ಜೂನ್ ಕೊನೆಯಲ್ಲಿ, ಒಂದು ಸಂಜೆ ಹಾಳೆ ಪೆನ್ನು ತರಲು ನನಗೆ ಹೇಳಿದರು.

"ಲೇಬರ್ ಆಫೀಸ್‌ಗೆ ಒಂದು ಅರ್ಜಿ ಬರಿ. ಆದ್ರೆ ನೋಡವ್ವ, ಮ್ಯಾನೇಜರ್ ಸಾರ್‌ಗೆ ಬೇಜಾರಾಗಬಾರ್ದು. ಮೊದ್ಲು ಅವರ ಒಳ್ಳೇತನ ನಾಕು ಸಾಲು ಬರಿ. ನನ್ನ ಬೆನ್ನು ತಟ್ಟಿದ್ದು ಮರೀಬೇಡ."

ಬರೆದೆ. ಮಂಡ್ಯದ ಲೇಬರ್ ಆಫೀಸಿನಲ್ಲಿ ಅಧಿಕಾರಿ ಮೇಡಂ ಮೊದಲ ಪುಟ ಓದಿ ಮುಗಿಸಿ ಕನ್ನಡಕ ತೆಗೆದರು.

"ಇದು ದೂರೋ, ಸನ್ಮಾನ ಪತ್ರವೋ?"

"ದೂರು ಇಂದಗಡೆ ಅದೆ ಮೇಡಂ," ಎಂದರು ಚಿಕ್ಕಪ್ಪ.

ಹಿಂದಿನ ಪುಟದ ಕೊನೆಯಲ್ಲಿ ಎರಡು ಸಾಲು ದೂರು ಇತ್ತು. ಮೇಡಂ ಅದನ್ನು ಓದಿ ಎರಡೂ ಕಡೆಯವರಿಗೆ ಜುಲೈ ನಾಲ್ಕಕ್ಕೆ ಬರಲು ನೋಟಿಸು ಕೊಟ್ಟರು. ಆಫೀಸಿನಿಂದ ಹೊರಬರುವಾಗ ಪಿಂಚಣಿ ವಿಚಾರಿಸಲು ಹೊರಟಿದ್ದ ಚಿಕ್ಕಬೋರಯ್ಯನವರು ಎದುರಾದರು. ಅವರು ಚಿಕ್ಕಪ್ಪನ ಕೈಯಲ್ಲಿದ್ದ ಸರ್ಕಾರಿ ಲಕೋಟೆ ನೋಡಿದರು, ಸೊಂಟದ ಬೀಗದ ಕೈ ನೋಡಿದರು, ಫೈಲು ಹಿಡಿದು ತಲೆ ತಗ್ಗಿಸಿ ಹಿಂದೆ ನಿಂತ ನನ್ನನ್ನೂ ನೋಡಿದರು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿತು: ಪುಟ್ಟರಾಜುವನ್ನು ಲೇಬರ್ ಆಫೀಸಿನವರು ಮೀಟಿಂಗಿಗೆ ಕರೆಯುತ್ತಿದ್ದಾರೆ, ಬರೆದುಕೊಳ್ಳಲು ಸೆಕ್ರೆಟರಿ ಬೇರೆ ಇದ್ದಾಳೆ.

ಜುಲೈ ನಾಲ್ಕರಂದು ಪ್ರಸನ್ನ ಅವರು ಬಂದರು. ನುಣ್ಣಗೆ ಬಾಚಿದ ದಟ್ಟ ಕೂದಲು. ಕೂರುವ ಮೊದಲು ಕಿಟಕಿಯ ಗಾಜಿನಲ್ಲಿ ಅದನ್ನೊಮ್ಮೆ ನೋಡಿಕೊಂಡರು.

"ಮೇಡಂ, ಇವರು ನಮ್ಮ ಆಪರೇಟರ್. ಸ್ಟೋರಿನಲ್ಲಿ ಸುಮ್ನೆ ಸಹಾಯಕ್ಕೆ ಇದ್ರು. ಇನ್‌ಚಾರ್ಜ್ ಮಾಡಿದ್ದೀವಿ ಅನ್ನೋಕೆ ಆರ್ಡರ್ ಎಲ್ಲಿದೆ?"

ಚಿಕ್ಕಪ್ಪ ಒಂದು ಚೀಲದ ತುಂಬ ಚೀಟಿಗಳನ್ನು ಮೇಜಿನ ಮೇಲೆ ಸುರಿದರು. ನಡುವೆ 'ಯಾತಕ್ಕೆ: ನಿಮ್ಮ ಹೊಟ್ಟೆಗೆ' ಎಂಬುದೂ ಇತ್ತು. ಮೇಡಂ ಅದನ್ನು ಓದಿ ಪಕ್ಕಕ್ಕಿಟ್ಟರು.

ಪ್ರಸನ್ನ ಅವರು ಒಂದು ಚೀಟಿ ಎತ್ತಿ ತೋರಿಸಿದರು. "ನೋಡಿ ಮೇಡಂ, 'ಇನ್‌ಚಾರ್ಜ್ ಪರವಾಗಿ' ಅಂತ ಅವರೇ ಬರೆದಿದ್ದಾರೆ. ತಾನು ಇನ್‌ಚಾರ್ಜ್ ಅಲ್ಲ ಅಂತ ದಿನಾ ಒಪ್ಪಿಕೊಂಡು ಸೈನ್ ಹಾಕಿದ್ದಾರೆ."

"ಹಾಗಾದರೆ ಇನ್‌ಚಾರ್ಜ್ ಯಾರಿದ್ದರು?"

"ಯಾರೂ ಇರಲಿಲ್ಲ ಮೇಡಂ. ಹುದ್ದೆ ಖಾಲಿ."

"ಇಲ್ಲದವರ ಪರವಾಗಿ ಇವರು ಸೈನ್ ಹಾಕಿದರೇ?"

"ಅದು ಅವರ ಒಳ್ಳೇತನ," ಎಂದರು ಪ್ರಸನ್ನ.

ಅರ್ಜಿಯ ಮೊದಲ ಪುಟದ ಋಣ ತೀರಿದಂತಾಯಿತು. ಆಮೇಲೆ ಅವರೇ ದನಿ ತಗ್ಗಿಸಿ ಒಂದು ದಾರಿ ತೋರಿಸಿದರು. ಪುಟ್ಟರಾಜು ವಾಪಸ್ಸು ಮೆಷಿನ್ನಿಗೆ ಬರಲಿ. ಓವರ್‌ಟೈಮ್ ಮತ್ತೆ ಶುರುವಾಗುತ್ತದೆ. ಎಂಟು ತಿಂಗಳಿಗೆಂದು ಒಂದಷ್ಟು ಹಣವನ್ನೂ ಕೊಡುತ್ತಾರೆ. ಇನ್‌ಚಾರ್ಜ್ ಕೆಲಸವನ್ನು ತಾನು ಮಾಡಿಯೇ ಇಲ್ಲ ಎಂದು ಒಂದು ಹಾಳೆಗೆ ಸೈನ್ ಹಾಕಿದರೆ ಸಾಕು.

ಹಾಳೆ ಟೈಪಾಗಿಯೇ ಬಂದಿತ್ತು. ಚಿಕ್ಕಪ್ಪ ಜೇಬಿನಿಂದ ಪೆನ್ನು ತೆಗೆದರು. ಬರೆಯಲಿಲ್ಲ. ಎರಡನೇ ಪೆನ್ನು ತೆಗೆದರು. ಅದು ಬರೆಯುತ್ತಿತ್ತು. ಸೈನ್ ಹಾಕಿಬಿಟ್ಟರೆ ಕಳೆದ ಹಣ ಬಹುಪಾಲು ಕೈಸೇರುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಚಿಕ್ಕಪ್ಪ ಹಾಳೆಯನ್ನು ಎರಡು ಸಲ ಓದಿ ಪೆನ್ನಿನ ಮುಚ್ಚಳ ಹಾಕಿದರು.

"ಆಗಾಕಿಲ್ಲ ಸಾರ್."

"ಯಾಕೆ? ದುಡ್ಡು ಸಿಗುತ್ತಲ್ಲ?"

"ನನ್ನ ಸ್ಟೋರಿಂದ ಎಂಟು ತಿಂಗ್ಳಲ್ಲಿ ಒಂದು ಟೇಪು ಸುಳ್ಳು ಚೀಟೀಲಿ ಆಚೆ ಓಗಿಲ್ಲ ಸಾರ್. ಈಗ ನಾನೇ ಸುಳ್ಳು ಚೀಟೀಲಿ ಓಗ್ಲಾ?"

ದಾರಿ ತಪ್ಪಿ ತಪ್ಪು ಬಸ್ಸು ಹತ್ತುವ, ತಲೆಯ ಮೇಲಿನ ಕನ್ನಡಕವನ್ನು ಮನೆಯೆಲ್ಲ ಹುಡುಕುವ ನಮ್ಮ ಚಿಕ್ಕಪ್ಪನಿಗೆ ಈ ಒಂದು ವಿಷಯದಲ್ಲಿ ಮಾತ್ರ ಯಾವ ಗೊಂದಲವೂ ಇರಲಿಲ್ಲ.

"ಬೇರೆ ಯಾವ ದಾಖಲೆಯೂ ಇಲ್ಲವೇ?" ಎಂದು ಮೇಡಂ ಕೇಳಿದರು. "ಮ್ಯಾನೇಜರ್ ಹೆಸರಿರುವ ಒಂದು ಕಾಗದ?"

"ಫ್ಲೆಕ್ಸು," ಎಂದೆ ನಾನು.

"ಏನವ್ವ?" ಎಂದರು ಚಿಕ್ಕಪ್ಪ.

"ಫ್ಲೆಕ್ಸು."

"ಕೇಳಿಸ್ತಿಲ್ಲ, ಗಟ್ಟಿಯಾಗಿ ಏಳವ್ವ, ನಿನ್ನನ್ಯಾರೂ ತಿನ್ನಾಕಿಲ್ಲ."

"ಕೊತ್ತತ್ತಿ ಕೊಟ್ಟಿಗೆ ಮೇಲಿದೆಯಲ್ಲ, ಫ್ಲೆಕ್ಸು!" ಎಂದು ನಾನು ಕೂಗಿದ್ದು ಪಕ್ಕದ ಕೋಣೆಯಲ್ಲಿ ಟೈಪು ಮಾಡುತ್ತಿದ್ದವರನ್ನೂ ಎಬ್ಬಿಸಿತು. ಮೇಡಂ ಮುಂದಿನ ಶುಕ್ರವಾರಕ್ಕೆ ದಿನ ಕೊಟ್ಟು, ಅದನ್ನು ತರಲು ಹೇಳಿದರು. ಪ್ರಸನ್ನ ಅವರು ಮುಗುಳ್ನಕ್ಕರು. ಫ್ಲೆಕ್ಸಿಗೆ ಹೆದರುವ ವಯಸ್ಸು ಅವರದಲ್ಲ.

ಅಂದು ರಾತ್ರಿ ಊಟದ ಹೊತ್ತಿಗೆ ಚಿಕ್ಕಪ್ಪ ಹೆಂಡತಿಗೆ ನಿಜ ಹೇಳಲು ನಿರ್ಧರಿಸಿದರು. ಧೈರ್ಯಕ್ಕೆ ನನ್ನನ್ನೂ ಕರೆದು ಕೂರಿಸಿಕೊಂಡರು.

"ಮಲ್ಲಿಗಿ, ಒಂದು ವಿಷ್ಯ. ಸಂಬಳ ಜಾಸ್ತಿ ಆಗಿಲ್ಲ."

"ಗೊತ್ತು. ಮುದ್ದೆ ಇನ್ನೊಂದು ಇಕ್ಲಾ?"

"ಜಾಸ್ತಿ ಆಗೋದಿರ್ಲಿ, ಕಮ್ಮಿ ಆಗದೆ."

"ಗೊತ್ತು ಕಣಿ. ಎಂಟು ತಿಂಗ್ಳಿಂದ."

ಚಿಕ್ಕಪ್ಪನ ಕೈಯ ತುತ್ತು ಅಲ್ಲೇ ನಿಂತಿತು. ಬ್ಯಾಂಕಿನ ಖಾತೆ ತೆರೆಯುವ ದಿನ ಅವರಿಗೆ ತಮ್ಮ ಫೋನ್ ನಂಬರು ನೆನಪಿಗೆ ಬಾರದೆ ಚಿಕ್ಕಮ್ಮನದನ್ನು ಕೊಟ್ಟಿದ್ದರು. ಆಮೇಲೆ ಕೊಟ್ಟದ್ದನ್ನೂ ಮರೆತಿದ್ದರು. ಪ್ರತಿ ತಿಂಗಳೂ ಸಂಬಳದ ಮೆಸೇಜು ಟಣ್ ಎಂದು ಬಂದು ಬೀಳುತ್ತಿದ್ದುದು ಒಗ್ಗರಣೆ ಡಬ್ಬದ ಪಕ್ಕದಲ್ಲಿರುತ್ತಿದ್ದ ಚಿಕ್ಕಮ್ಮನ ಫೋನಿಗೆ. ಡಿಸೆಂಬರಿನಿಂದ ಅವರು ಬೀದಿಯ ಹೆಂಗಸರ ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದುದು ಹವ್ಯಾಸಕ್ಕಲ್ಲ ಎಂದು ನನಗೂ ಆಗಲೇ ಗೊತ್ತಾದದ್ದು.

"ಮತ್ತೆ ಯಾಕೆ ಒಂದ್ಸಲನೂ ಕೇಳ್ನಿಲ್ಲ?"

"ಆ ಬೀಗದ ಕೈ ಗೊಂಚ್ಲು ನಿಮ್ಮ ಸೊಂಟಕ್ಕೆ ಚೆಂದಾಗಿ ಒಪ್ತಿತ್ತು," ಎಂದು ಚಿಕ್ಕಮ್ಮ ಸಾರು ಬಡಿಸಿದರು. "ಕೇಳಾಕೆ ಮನಸ್ಸೇ ಬರ್ನಿಲ್ಲ. ಈಗ ಉಣ್ಣಿ. ಆ ಸಂತೋಷನ್ನ ಕೇಳುದ್ರೆ ವಾಟ್ಸಾಪ್‌ನಲ್ಲಿ ಇರ್ಬೋದು."

ಇರಲಿಲ್ಲ. ಸಂತೋಷ ಫೋನು ಬದಲಾಯಿಸಿದ್ದ. ಹಳೆಯದು ಯಾರದೋ ನಾಮಕರಣದಲ್ಲಿ ಪಾಯಸದ ಪಾತ್ರೆಗೆ ಬಿದ್ದಿತ್ತಂತೆ. ಅಂಗಡಿಯಲ್ಲಿ ಹಳೆಯ ಫೈಲುಗಳನ್ನು ಅವನು ಇಟ್ಟುಕೊಳ್ಳುವುದೇ ಇಲ್ಲ. ಉಳಿದದ್ದು ಕೊತ್ತತ್ತಿಯ ಎಮ್ಮೆಯ ನೆತ್ತಿಯ ಮೇಲಿನ ಆ ಒಂದೇ ಪ್ರತಿ.

ಗುರುವಾರ ಚಿಕ್ಕಪ್ಪನೂ ನಾನೂ ಹೋದೆವು. ಅಜ್ಜಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು.

"ಮಳೆಗಾಲ ಕಣ್ಲಾ ಇದು! ಎಮ್ಮೆ ನೆಂದ್ರೆ ಆಲು ನಿನ್ನ ಮ್ಯಾನೇಜರ್ ಕೊಡ್ತಾನಾ?"

"ಅವ್ವ, ಅದ್ರಲ್ಲಿ ನನ್ನ ನ್ಯಾಯ ಅದೆ."

"ನ್ಯಾಯ ಮೇಲ್ಗಡೆ ಇಲ್ಲ, ಒಳಗಡೆ ಅದೆ. ನಿನ್ನ ಮೊಕ ನೆನೀಬಾರ್ದು ಅಂತ ಬೋರಲಾಕಿವ್ನಿ. ನೋಡೋಗು."

ಒಳಗೆ ಹೋಗಿ ತಲೆ ಎತ್ತಿದೆವು. ಕೋಟು ತೊ‌ಟ್ಟ ಚಿಕ್ಕಪ್ಪನೂ ಕೈ ಎತ್ತಿದ ಪ್ರಸನ್ನ ಅವರೂ ಆಕಾಶದಿಂದ ಎಮ್ಮೆಯನ್ನು ಹರಸುತ್ತಿದ್ದರು. ಎಂಟು ತಿಂಗಳಿಂದ ಆ ನೇಮಕಾತಿ ಆದೇಶವನ್ನು ದಿನಾ ಓದಿದ ಏಕೈಕ ಜೀವಿ ಅದು. ಕೊಟ್ಟಿಗೆ ತಗ್ಗು. ಎಮ್ಮೆ ಕೊಂಬು ಉಜ್ಜಿ ಉಜ್ಜಿ ಪ್ರಸನ್ನ ಅವರ ಹಣೆಯಿಂದ ಮೇಲಿನದೆಲ್ಲ ಬೆಳ್ಳಗೆ ಅಳಿಸಿಹೋಗಿತ್ತು. ನಡುನೆತ್ತಿಗೆ ಅಜ್ಜಿ ಹಗ್ಗ ಕಟ್ಟಲು ಒಂದು ತೂತನ್ನೂ ಕೊರೆದಿದ್ದರು. ಅಕ್ಷರಗಳು ಮಾತ್ರ ನಿನ್ನೆ ಬರೆದಂತೆ ಇದ್ದವು.

ಕೊನೆಗೆ ಅಜ್ಜಿ ಒಪ್ಪಿದರು. ಆದರೆ ಕೈ ಚಾಚಿದರು. "ಚೀಟಿ ಬರ್ಕೊಡ್ಲಾ. ಊರಿಗೆಲ್ಲ ಕೇಳ್ತೀಯಂತಲ್ಲ." ಚಿಕ್ಕಪ್ಪ ವಿನಯದಿಂದ ಬರೆದುಕೊಟ್ಟರು. ಓದಲು ಬಾರದ ಅಜ್ಜಿ ಅದನ್ನು ಮೂರು ಸಲ ತಿರುಗಿಸಿ ನೋಡಿ, ಎಲೆಅಡಿಕೆ ಚೀಲಕ್ಕೆ ಸೇರಿಸಿದರು.

ಬಸ್ಸಿನಲ್ಲಿ ನಾನು ಆಧಾರ್ ತೋರಿಸಿ ಉಚಿತ ಟಿಕೆಟ್ ಪಡೆದೆ. ಕಂಡಕ್ಟರು ಗಂಜಳದ ವಾಸನೆ ಹಿಡಿದು ಸುರುಳಿಯವರೆಗೆ ಬಂದರು. ತುದಿಯಲ್ಲಿ ಪ್ರಸನ್ನ ಅವರ ಎತ್ತಿದ ಕೈ ಇಣುಕುತ್ತಿತ್ತು.

"ನಿಂಗೆ ಫ್ರೀ ಕಣವ್ವ. ಈ ಕೈ ಗಂಡಸ್ರದು. ಲಗೇಜ್ ಟಿಕೆಟ್ ತಕ್ಕೊ."

ಶುಕ್ರವಾರ ಲೇಬರ್ ಆಫೀಸಿನ ಮೆಟ್ಟಿಲ ಮೇಲೆ ಇಸ್ತ್ರಿ ಪಂಚೆ ಉಟ್ಟು ತಿಮ್ಮಯ್ಯನವರು ಕುಳಿತಿದ್ದರು. ಪಕ್ಕದಲ್ಲಿ ಚಿಕ್ಕಬೋರಯ್ಯ. ಅಳಿಯಂದಿರು ಮೀಟಿಂಗ್ ನಡೆಸುವುದನ್ನು ಕಣ್ಣಾರೆ ನೋಡಲು ಮಳವಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದರಂತೆ. ಚಿಕ್ಕಪ್ಪನ ಮುಖ ಬಿಳಿಚಿತು. ಆದರೆ ಹೆಗಲ ಮೇಲೆ ಹತ್ತಡಿಯ ಸುರುಳಿ ಹೊತ್ತವರು ಅವಿತುಕೊಳ್ಳುವುದಾದರೂ ಎಲ್ಲಿ?

ಮೇಡಂ ಅವರ ಕೋಣೆಯಲ್ಲಿ ಫ್ಲೆಕ್ಸು ಹಿಡಿಯಲಿಲ್ಲ. ಪಡಸಾಲೆಯಲ್ಲಿ ಬಿಚ್ಚಿದೆವು. ಇಡೀ ಆಫೀಸು ಸುತ್ತ ನೆರೆಯಿತು. ತಿಮ್ಮಯ್ಯನವರು ಅಳಿಯನ ತಲೆಯ ಬಳಿ ನಿಂತರು. ಮೇಡಂ ಅಂಚಿನ ಗುಂಟ ನಡೆಯುತ್ತಾ ಗಟ್ಟಿಯಾಗಿ ಓದಿದರು: "'ಇವರನ್ನು ಈ ಹುದ್ದೆಗೆ ನೇಮಿಸಿ ಆಶೀರ್ವದಿಸಿದ ಮ್ಯಾನೇಜರ್ ಶ್ರೀ ಪ್ರಸನ್ನ.' ಏನಿದು ಪ್ರಸನ್ನ ಅವರೇ?"

"ಮೇಡಂ, ದುಡ್ಡು ಕೊಟ್ಟರೆ ಯಾರು ಏನು ಬೇಕಾದರೂ ಪ್ರಿಂಟ್ ಹಾಕಿಸಬಹುದು. ನನಗೂ ಇದಕ್ಕೂ ಸಂಬಂಧ ಇಲ್ಲ. ಇದನ್ನು ನಾನು ಇವತ್ತೇ ನೋಡ್ತಿರೋದು."

"ಹಾಗಾದರೆ ಈ ಫೋಟೋ ನಿಮ್ಮದಲ್ಲವೇ?"

ಪ್ರಸನ್ನ ಅವರು ಉತ್ತರಿಸುವ ಮೊದಲೇ ಚಿಕ್ಕಬೋರಯ್ಯನವರು ಬಗ್ಗಿ, ನಲವತ್ತು ವರ್ಷದ ಸರ್ಕಾರಿ ಅನುಭವದಿಂದ ಫೋಟೋವನ್ನು ಪರೀಕ್ಷಿಸಿ ತೀರ್ಪು ಕೊಟ್ಟರು: "ಈ ವಯ್ಯ ಅಲ್ಲ ಬುಡಿ ಮೇಡಂ. ಇದ್ಯಾರೋ ಬೋಳ."

"ಅಂಗೇ ಕಾಣ್ತದೆ," ಎಂದರು ತಿಮ್ಮಯ್ಯ. "ನೆತ್ತೀಲಿ ತೂತು ಬೇರೆ ಅದೆ, ಪಾಪ."

"ವಯಸ್ಸೂ ಜಾಸ್ತಿ," ಎಂದರು ಯಾರೋ.

ಪ್ರಸನ್ನ ಅವರು ತಲೆ ಮುಟ್ಟಿಕೊಂಡರು. ಮುಖ ಕೆಂಪಾಯಿತು.

"ಬೋಳ ಅಂತೆ! ಏನ್ರೀ ಮಾತಾಡ್ತೀರ? ನಾನು ಕಳಿಸಿದ ಫೋಟೋದಲ್ಲಿ ತಲೆ ತುಂಬ ಕೂದಲಿತ್ತು! ಮೂರು ಫೋಟೋ ಕಳಿಸಿದ್ದೆ. ಒಳ್ಳೇದು ಹಾಕ್ರಯ್ಯ, ಹೆಸರು ದಪ್ಪಗಿರಲಿ ಅಂತ ಬರೆದೂ ಕಳಿಸಿದ್ದೆ! ಇವರು ನೋಡಿದರೆ—"

ಮೇಡಂ ನಿಧಾನವಾಗಿ ಗುಮಾಸ್ತರ ಕಡೆ ತಿರುಗಿದರು. "ಬರೆದುಕೊಳ್ಳಿ. ಫೋಟೋ ಮತ್ತು ಬರವಣಿಗೆ ತಾವೇ ಕಳಿಸಿದ್ದಾಗಿ ಮ್ಯಾನೇಜರ್ ಒಪ್ಪಿದ್ದಾರೆ." ಆಮೇಲೆ ಪ್ರಸನ್ನ ಅವರ ಕಡೆ ನೋಡಿ ಸೇರಿಸಿದರು: "ಕೂದಲು ಇತ್ತು ಎಂಬುದನ್ನೂ ಬರೆಸುತ್ತೇನೆ. ಅನ್ಯಾಯ ಆಗಬಾರದು."

ಅರ್ಧ ಗಂಟೆಯಲ್ಲಿ ರಾಜಿಯಾಯಿತು. ನವೆಂಬರ್ ಹತ್ತರಿಂದಲೇ ಇನ್‌ಚಾರ್ಜ್ ಎಂದು ಲಿಖಿತ ಆದೇಶ, ಅಂದಿನಿಂದ ಲೆಕ್ಕ ಹಾಕಿ ವ್ಯತ್ಯಾಸದ ಸಂಬಳ, ಎಲ್ಲವೂ ಹದಿನೈದು ದಿನದೊಳಗೆ. ಚಿಕ್ಕಪ್ಪ ಕುರ್ಚಿಯಲ್ಲಿ ಕುಳಿತು ಪ್ರತಿ ಪುಟವನ್ನೂ ಎರಡೆರಡು ಸಲ ಓದಿದರು. ಕೊನೆಯ ಪುಟದಲ್ಲಿ ಅಭ್ಯಾಸಬಲದಿಂದ 'ಪುಟ್ಟರಾಜು ಪರ' ಎಂದು ಬರೆಯಲು ಹೊರಟರು. ಮೇಡಂ ಅವರ ಪೆನ್ನು ಹಿಡಿದುಕೊಂಡರು. "ಬೇಡ ಪುಟ್ಟರಾಜು. ನೀವೇ ಸಾಕು."

ಹೊರಗೆ ಮಾವನ ಎದುರು ಚಿಕ್ಕಪ್ಪ ತಲೆ ತಗ್ಗಿಸಿ ನಿಂತರು. "ಮಾವ, ಮೀಟಿಂಗ್ ಗೀಟಿಂಗ್ ಏನಿಲ್ಲ. ಸಂಬಳ ಕಮ್ಮಿ ಆಗಿತ್ತು. ನಿಮ್ಗೆ ಏಳಾಕೆ ನಾಚ್ಕೆ ಆಯ್ತು."

ತಿಮ್ಮಯ್ಯನವರು ಪಂಚೆ ಕೊಡವಿಕೊಂಡರು. "ಒಳಗೆ ಮ್ಯಾನೇಜರು, ಆಫೀಸರಮ್ಮ, ಗುಮಾಸ್ತರು ಎಲ್ಲಾ ನಿಂತಿದ್ರು. ನೀನು ಒಬ್ನೇ ಕೂತ್ಕೊಂಡು ಓದ್ತಿದ್ದೆ. ಮೀಟಿಂಗ್ ಅಂದ್ರೆ ಇನ್ನೇನ್ಲಾ ಮತ್ತೆ?" ಎಂದರು. ಬಹುವಚನ ಹೋಗಿತ್ತು. ಆದರೆ 'ಡಬ್ಬದ ಪುಟ್ಟ' ವಾಪಸ್ಸು ಬರಲಿಲ್ಲ.

ಗೇಟಿನ ಬಳಿ ಪ್ರಸನ್ನ ಅವರು ಕಾಯುತ್ತಿದ್ದರು. ಆಚೀಚೆ ನೋಡಿ ಮೆಲ್ಲಗೆ ಕೇಳಿದರು: "ಪುಟ್ಟರಾಜು, ಬೇಜಾರಿಲ್ಲ ತಾನೆ? ಒಂದು ಮಾತು. ಆ ಫ್ಲೆಕ್ಸನ್ನು ಇನ್ನೊಂದು ಸಲ ಪ್ರಿಂಟ್ ಹಾಕಿಸೋಕಾಗುತ್ತಾ? ಕೂದಲು ಸರಿಯಾಗಿ ಬರೋ ಥರ?"

"ಅದಕ್ಕೇನು ಸಾರ್, ಬಾಮೈದನ ಅಂಗಡಿ," ಎಂದು ಚಿಕ್ಕಪ್ಪ ಜೇಬಿನಿಂದ ಬರೆಯುವ ಪೆನ್ನನ್ನೇ ಆರಿಸಿ ಕೊಟ್ಟರು. "ಒಂದು ಚೀಟಿ ಬರ್ಕೊಡಿ. ಕೇಳ್ದೋರು ಯಾರು, ಯಾತಕ್ಕೆ, ಯಾವತ್ತು. ಕೆಳಗೆ ಸೈನು."

ಫ್ಲೆಕ್ಸು ಅಂದು ಸಂಜೆಯೇ ಕೊತ್ತತ್ತಿಗೆ ಹಿಂತಿರುಗಿತು. ಎಮ್ಮೆ ನೆನೆಯಲಿಲ್ಲ. ಆದೇಶ ಹದಿಮೂರನೇ ದಿನ ಬಂತು. ಚಿಕ್ಕಮ್ಮ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ, ಬೀರುವಿನಲ್ಲಿಟ್ಟು, ಕೀಲಿ ಸೆರಗಿಗೆ ಕಟ್ಟಿಕೊಂಡರು. ನಿನ್ನೆ ಸಂಜೆ ಗೋಡೆಯಾಚೆಯಿಂದ ಮಾತು ಕೇಳಿಬಂತು.

"ಮಲ್ಲಿಗಿ, ಆ ಆರ್ಡರ್ ಒಂಚೂರು ಕೊಡು."

"ಚೀಟಿ ಎಲ್ಲಿ?"

ಆಮೇಲೆ ಪೆನ್ನಿನ ಮುಚ್ಚಳ ತೆಗೆದ ಸದ್ದು. ಇಂದು ಬೆಳಿಗ್ಗೆ ಹಾಲು ಕೊಡಲು ಹೋದಾಗ ಮೊಳೆಯ ಮೇಲೆ ಆ ಚೀಟಿಯನ್ನು ನೋಡಿದೆ. 'ತಕ್ಕೊಂಡೋರು: ಪುಟ್ಟರಾಜು. ಯಾತಕ್ಕೆ: ಸುಮ್ನೆ ಒಂದ್ಸಲ ನೋಡಾಕೆ.' ಕೆಳಗೆ ತಾರೀಖು, ಸೈನು. ಯಾರ ಪರವಾಗಿಯೂ ಅಲ್ಲ.